ಶೂ ಸವಕಳಿಯ ಲೆಕ್ಕ

ಪ್ರಥಮ ಪಿಯುಸಿಯಲ್ಲಿ ಸವಕಳಿ ಪಾಠ ಮಾಡುವಾಗ ಮೇಡಂ ಯಂತ್ರ, ಪೀಠೋಪಕರಣ, ಲಾರಿಗಳ ಉದಾಹರಣೆ ಕೊಟ್ಟಿದ್ದರು. ಲೆಕ್ಕ ಬಂತು, ಮಾರ್ಕ್ಸೂ ಬಂತು. ಆದರೆ ಸವಕಳಿ ಎಂದರೆ ಏನೆಂದು ನಿಜವಾಗಿ ತಿಳಿದದ್ದು ಕಳೆದ ಬೇಸಿಗೆಯಲ್ಲಿ, ನನ್ನ ಶೂಗಳ ಹಿಮ್ಮಡಿ ನೋಡಿದಾಗ. ಬಲಗಾಲಿನ ಶೂ ಹೊರಗಡೆಗೆ ಎಷ್ಟು ತೇದಿತ್ತೆಂದರೆ ಮೇಜಿನ ಮೇಲೆ ಇಟ್ಟರೆ ಒಂದು ಕಡೆ ವಾಲುತ್ತಿತ್ತು.

ಕಾಲೇಜಿನಲ್ಲಿ ಓಡುವವರು ನಾವು ಹದಿನಾಲ್ಕು ಜನ. 1500 ಮೀಟರ್, 3000 ಮೀಟರ್, ಗುಡ್ಡಗಾಡು ಓಟ ನಮ್ಮವು. ಇನ್ನು ಕೆಲವೇ ತಿಂಗಳಲ್ಲಿ ಮತ್ತೆ ಬೇಸಿಗೆ ಶಿಬಿರಗಳ ಪಾಂಪ್ಲೆಟ್ ಬರುತ್ತವೆ. ಪ್ರಥಮ ವರ್ಷದವರು ಹೆಸರು ಕೊಡುವ ಮೊದಲು, ಆಡಳಿತ ಮಂಡಳಿಯವರು ಈ ಸಲದ ಕ್ರೀಡಾ ಖರ್ಚು ಬರೆಯುವ ಮೊದಲು ನನ್ನ ಲೆಕ್ಕ ಒಮ್ಮೆ ಓದಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹೋಗಿದ್ದು ಮೂರು ವಾರದ ಶಿಬಿರ. ಯಾರು ನಡೆಸಿದ್ದು ಎಂಬುದು ಬೇಡ, ಹೆಚ್ಚಿನವು ಹೀಗೇ ಇರುತ್ತವೆ. ಮೊದಲ ದಿನ ಉದ್ಘಾಟನೆ. ಅತಿಥಿಗಳು ಬರುವುದು ತಡವಾಯಿತು. ಬೆಳಿಗ್ಗೆ ಆರೂವರೆಗೆ ಬಂದ ನಾವು ಭಾಷಣ ಮುಗಿಸಿ ಓಡಲು ಶುರು ಮಾಡಿದ್ದು ಒಂಬತ್ತರ ಮೇಲೆ. ದಾವಣಗೆರೆ ಕಡೆಯ ಏಪ್ರಿಲ್ ಬಿಸಿಲು ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಆ ದಿನವೇ ಎಂಟು ಕಿ.ಮೀ. ಇಬ್ಬರು ವಾಂತಿ ಮಾಡಿಕೊಂಡರು. 'ಅಭ್ಯಾಸ ಇಲ್ಲ, ಸರಿ ಹೋಗ್ತದೆ' ಅಂದರು.

ಸರಿ ಹೋಗುತ್ತದೆ ನಿಜ, ಆದರೆ ಅದಕ್ಕೆ ಸಮಯ ಬೇಕು. ಬಿಸಿಲಿನಲ್ಲಿ ದುಡಿಯಲು ದೇಹ ಒಗ್ಗುವುದಕ್ಕೆ ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗದಲ್ಲಿ ಓಡಿದರೂ ಎದೆ ಬಡಿತ ಮೊದಲಿನಷ್ಟು ಏರುವುದಿಲ್ಲ. ಹಾಗಿದ್ದರೆ ಮೊದಲ ವಾರ ಎರಡು ಮೂರು ಕಿ.ಮೀ. ನಿಧಾನ ಓಟ, ಮುಂದೆ ಸ್ವಲ್ಪ ಸ್ವಲ್ಪ ಏರಿಕೆ, ಎಂಟು ಗಂಟೆಯೊಳಗೆ ಮೈದಾನ ಖಾಲಿ. ಇಷ್ಟು ಮಾಡಲು ಯಾರಿಗೂ ಒಂದು ಪೈಸೆ ಖರ್ಚಿಲ್ಲ. ಫಜರ್ ನಮಾಜಿಗೆ ಏಳುವ ನಮ್ಮಂಥ ಮನೆಗಳಲ್ಲಿ ಐದೂವರೆಗೆ ಬರುವುದು ಕಷ್ಟವೂ ಅಲ್ಲ. ಅಮ್ಮಿ ಮಾತ್ರ ಕತ್ತಲಲ್ಲಿ ಒಬ್ಬಳನ್ನೇ ಕಳಿಸುವುದಿಲ್ಲ, ತಮ್ಮ ಸೈಕಲ್ ತಳ್ಳಿಕೊಂಡು ಜೊತೆಗೆ ಬರುತ್ತಾನೆ. ಹುಡುಗಿಯರಿಗೆ ಶಿಬಿರ ಮಾಡುವವರು ಇದನ್ನೂ ಯೋಚಿಸಬೇಕು.

ಈಗ ಶೂ ವಿಷಯ. ಇಲ್ಲಿ ತಪ್ಪು ಅರ್ಧ ನನ್ನದೇ.

ಶಿಬಿರಕ್ಕೆ ಸ್ಪೈಕ್ಸ್ ಕಡ್ಡಾಯ ಎಂದು ಬರೆದಿತ್ತು. ಈದಿ ಎಂದು ಬಂದ ದುಡ್ಡು ಕೂಡಿಸಿ 1,600 ರೂಪಾಯಿಗೆ ಸ್ಪೈಕ್ಸ್ ತಂದೆ. ದಿನದ ಓಟಕ್ಕೆ ದುಡ್ಡು ಉಳಿಯಲಿಲ್ಲ. ದೊಡ್ಡ ಕಂಪನಿಯ ಹೆಸರು ತಪ್ಪಾಗಿ ಬರೆದಿದ್ದ ಕಾಪಿ ಶೂ ಸಂತೆಯಲ್ಲಿ 799ಕ್ಕೆ ಸಿಕ್ಕಿತು. ಸ್ಪೈಕ್ಸ್‌ನಲ್ಲಿ ಮುಂಗಾಲಿನ ಕೆಳಗೆ ಪಿನ್ ಇರುತ್ತವೆ, ಹಿಮ್ಮಡಿಗೆ ಮೆತ್ತೆ ಇಲ್ಲವೆನ್ನುವಷ್ಟು ಕಡಿಮೆ. ಅದು ವೇಗದ ಓಟಕ್ಕೆ, ಸ್ಪರ್ಧೆಗೆ. ಅದನ್ನು ಹಾಕಿಕೊಂಡು ದಿನಾ ಕಿಲೋಮೀಟರ್‌ಗಟ್ಟಲೆ ಓಡಿದರೆ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ನರಕ್ಕೂ ಪೆಟ್ಟು. ಮೂರು ವಾರದಲ್ಲಿ ನಾನು ಸ್ಪೈಕ್ಸ್ ಹಾಕಿದ್ದು ನಾಲ್ಕು ಸಲ. ಉಳಿದದ್ದೆಲ್ಲ ಕಾಪಿ ಶೂ ಮೇಲೆ, 18 ದಿನ, ದಿನಕ್ಕೆ 8 ಕಿ.ಮೀ., ಒಟ್ಟು 144.

ಮಾಮು ಅವರದು ಚಪ್ಪಲಿ ಅಂಗಡಿ. ಆ ಶೂ ಕೈಗೆ ತೆಗೆದುಕೊಂಡು ನಡುವೆ ಬಗ್ಗಿಸಿದರು. ಅದು ಕಾಗದದ ಹಾಗೆ ಮಡಚಿತು. ಓಡುವ ಶೂ ಬೆರಳು ಬಗ್ಗುವ ಜಾಗದಲ್ಲಿ ಬಗ್ಗಬೇಕು, ನಡುವೆ ಅಲ್ಲ, ಅಂದರು. ಒಳಗಿನ ಫೋಮ್ ಒಮ್ಮೆ ಕುಗ್ಗಿದ ಮೇಲೆ ಮೇಲ್ಭಾಗ ಹೊಸದಾಗಿ ಕಂಡರೂ ಶೂ ಸತ್ತ ಹಾಗೆ ಅಂತಲೂ ಹೇಳಿದರು. ಶೂ ಕೊಳ್ಳಲು ಸಂಜೆ ಹೋಗಬೇಕು, ಅಷ್ಟು ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಉಗುರಿನಷ್ಟು ಜಾಗ ಬಿಡಬೇಕು. ನಾನು ಎರಡನ್ನೂ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ತಂದಿದ್ದೆ! ಹುಡುಗಿಯರಿಗೆ ಇನ್ನೊಂದು ಕಷ್ಟ. 4, 5ನೇ ಸೈಜು ಕೇಳಿದರೆ 'ಲೇಡೀಸ್ ವಾಕಿಂಗ್' ಅಂತ ಗುಲಾಬಿ ಬಣ್ಣದ್ದನ್ನು ಮುಂದಿಡುತ್ತಾರೆ. ಅದು ಹೆಸರಿನ ಹಾಗೆ ನಡೆಯುವುದಕ್ಕೆ ಮಾತ್ರ.

ಶಿಬಿರ ಮುಗಿಯುವ ಹೊತ್ತಿಗೆ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನಲ್ಲಿ ನೋವು. ಬೆರಳಿಟ್ಟರೆ ಒಂದೇ ಜಾಗದಲ್ಲಿ ಚುಚ್ಚುತ್ತಿತ್ತು. 'ಕಿತ್ತಾ ದೌಡ್ತಿ ಗೇ!' ಎಂದು ಅಮ್ಮಿ ಬೈದು ಎಣ್ಣೆ ಹಚ್ಚಿದರು. ಕಡೆಗೆ ಡಾಕ್ಟರು ಆರು ವಾರ ಓಡಬೇಡ ಅಂದರು. ಮಳೆಗಾಲದ ಗುಡ್ಡಗಾಡು ಓಟದ ಆಯ್ಕೆಗೆ ನಾನು ನಿಂತೆ, ಆದರೆ ಆಯ್ಕೆಯಾಗಲಿಲ್ಲ. ಹೋದ ವರ್ಷ ನನಗಿಂತ ಹಿಂದೆ ಬಂದಿದ್ದವಳು ಜಿಲ್ಲೆಗೆ ಹೋದಳು. ಖುಷಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಈಗ ವಾಣಿಜ್ಯ ವಿಭಾಗದ ಲೆಕ್ಕ. 799ನ್ನು 144ರಿಂದ ಭಾಗಿಸಿದರೆ ಕಿಲೋಮೀಟರಿಗೆ 5 ರೂ. 55 ಪೈಸೆ. ಸಾಧಾರಣ ಒಳ್ಳೆಯ ರನ್ನಿಂಗ್ ಶೂ 2,500ಕ್ಕೆ ಬರುತ್ತದೆ. ಅಂಥದ್ದು 500ರಿಂದ 800 ಕಿ.ಮೀ. ಬಾಳುತ್ತದೆ ಎನ್ನುತ್ತಾರೆ, ನಾವು 600 ಹಿಡಿಯೋಣ. ಕಿಲೋಮೀಟರಿಗೆ 4 ರೂ. 17 ಪೈಸೆ. ಅಂದರೆ ಅಗ್ಗದ್ದೇ ದುಬಾರಿ. ಅದರ ಮೇಲೆ ನನ್ನ ಎಕ್ಸ್‌ರೇ, ಫೀಸು, ಮಾತ್ರೆ ಸೇರಿ 1,450 ಸೇರಿಸಿದರೆ ಕಿಲೋಮೀಟರಿಗೆ 15 ರೂ. 62 ಪೈಸೆ ಬಿತ್ತು. ಆಟೋದಲ್ಲಿ ಹೋಗಬಹುದಿತ್ತು! ಸ್ಪೈಕ್ಸ್ ಮತ್ತು ಕಾಪಿ ಶೂ ಎರಡೂ ಸೇರಿ 2,399 ಆಯಿತಲ್ಲ, ಅದಕ್ಕೆ ನೂರು ರೂಪಾಯಿ ಸೇರಿಸಿ ಒಂದೇ ಒಳ್ಳೆಯ ಜೋಡಿ ತಂದಿದ್ದರೆ ಸಾಕಿತ್ತು.

ಇದನ್ನು ಹೇಳಿದರೆ ದೊಡ್ಡವರು ತಕ್ಷಣ ಬರಿಗಾಲಿನ ಮಾತು ತೆಗೆಯುತ್ತಾರೆ. ನಮ್ಮ ಕರಾವಳಿಯ ಶ್ರೀನಿವಾಸ ಗೌಡರು 2020ರಲ್ಲಿ ಕಂಬಳದ ಕೆಸರಿನಲ್ಲಿ ಬರಿಗಾಲಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಲಿಲ್ಲವೇ, ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆಲ್ಲಲಿಲ್ಲವೇ ಅಂತ. ಗೆದ್ದರು. ಆದರೆ ಗೌಡರು ಓಡಿದ್ದು ಕೆಸರು ಗದ್ದೆಯಲ್ಲಿ, ಮುಂದೆ ಕೋಣಗಳ ಜೋಡಿ ಇತ್ತು, ಅವರ ಕಾಲು ಆ ಕೆಲಸಕ್ಕೆ ವರ್ಷಗಳಿಂದ ಪಳಗಿತ್ತು. ಬಿಕಿಲಾ ಅವರೂ ಬರಿಗಾಲಲ್ಲಿ ಅಭ್ಯಾಸ ಮಾಡಿದವರು, ಸಿಕ್ಕ ಶೂ ಕಾಲಿಗೆ ಸರಿಹೊಂದದ್ದರಿಂದ ಹಾಗೇ ಓಡಿದರು. 1964ರಲ್ಲಿ ಟೋಕಿಯೋದಲ್ಲಿ ಅವರು ಶೂ ಹಾಕಿಯೇ ಓಡಿ ಮತ್ತೆ ಚಿನ್ನ ಗೆದ್ದರು, ಇನ್ನೂ ಬೇಗ, 2 ಗಂಟೆ 12 ನಿಮಿಷದಲ್ಲಿ. ಆ ಅರ್ಧ ಕತೆಯನ್ನು ಯಾರೂ ಹೇಳುವುದಿಲ್ಲ. ನಮ್ಮ ಮೈದಾನದಲ್ಲಿ ಇರುವುದು ಜಲ್ಲಿ, ಮುಳ್ಳು, ಮದುವೆ ಶಾಮಿಯಾನದವರು ಬಿಟ್ಟು ಹೋದ ಮೊಳೆ.

ಶೂ ಕಾಲಿಗೆ ಹೊಂದುವುದು ಸಣ್ಣ ಮಾತಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಹೆಪ್ಟಾಥ್ಲಾನ್ ಚಿನ್ನ ಗೆದ್ದ ಸ್ವಪ್ನಾ ಬರ್ಮನ್ ಅವರಿಗೆ ಎರಡೂ ಪಾದದಲ್ಲಿ ಆರಾರು ಬೆರಳು. ಮಾಮೂಲಿ ಶೂಗಳಲ್ಲಿ ನೋವು ತಿಂದೇ ಅವರು ಅಲ್ಲಿಯವರೆಗೆ ಬಂದರು. ಅವರ ಅಳತೆಯ ಶೂ ಮಾಡಿಸುವ ಮಾತು ಜೋರಾಗಿ ಬಂದದ್ದು ಚಿನ್ನ ಗೆದ್ದ ಮೇಲೆ.

ಹದಿನಾಲ್ಕು ಜನಕ್ಕೆ 2,500ರಂತೆ 35,000. ಎಲ್ಲವನ್ನೂ ಆಡಳಿತ ಮಂಡಳಿಯೇ ಕೊಡಲಿ ಎಂದು ನಾನು ಕೇಳುವುದಿಲ್ಲ. ಅರ್ಧ ಕಾಲೇಜು, ಅರ್ಧ ವಿದ್ಯಾರ್ಥಿ, ಅದೂ ಐದು ಕಂತಿನಲ್ಲಿ ತಿಂಗಳಿಗೆ 250. ಕ್ರೀಡಾ ದಿನಾಚರಣೆಯ ಶಾಮಿಯಾನ, ಹಾರ, ಶೀಲ್ಡುಗಳಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಕಾಲೇಜಿನ ಪಾಲಿನ 17,500 ಹುಟ್ಟುತ್ತದೆ ಎಂಬುದು ನನ್ನ ಅಂದಾಜು. 'ಶೂ ಕೊಟ್ಟರೆ ತಗೊಂಡು ಓಟಕ್ಕೇ ಬರಲ್ಲ' ಎಂದು ಪಿ.ಇ. ಸರ್ ಹೇಳಿದ್ದರು. ಅವರ ಮಾತಿನಲ್ಲಿ ಸುಳ್ಳಿಲ್ಲ, ಹಾಗೆ ಆಗಿದೆ. ಆದರೆ ಕೈಯಿಂದ 1,250 ಹಾಕಿದವರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಜರಿ, ಕಂತು, ಯಾರು ಎಷ್ಟು ಕಿ.ಮೀ. ಓಡಿದರು ಎಂಬ ಲೆಕ್ಕವನ್ನು ನಮ್ಮ ಕ್ಲಾಸಿನವರೇ ಬರೆಯುತ್ತೇವೆ, ಲೆಡ್ಜರ್ ಅಭ್ಯಾಸವೂ ಆಗುತ್ತದೆ.

ಸ್ಪೈಕ್ಸ್ ಮಾತ್ರ ಯಾರೂ ಹೊಸದು ಕೊಳ್ಳಬೇಡಿ. ದಿನದ ಶೂ ಹಾಕಿದವರ ಪಾದದ ಆಕಾರಕ್ಕೆ ಕೂತು ಬಿಡುತ್ತದೆ, ಅದನ್ನು ಇನ್ನೊಬ್ಬರಿಗೆ ಕೊಡುವುದು ಸರಿಯಲ್ಲ. ಸ್ಪೈಕ್ಸ್ ವರ್ಷಕ್ಕೆ ಹತ್ತು ಹದಿನೈದು ಸಲ ಹಾಕುವಂಥದ್ದು, ಪಿನ್ ಬದಲಿಸಿದರೆ ಕೈಯಿಂದ ಕೈಗೆ ನಡೆಯುತ್ತದೆ. ಪಿ.ಇ. ರೂಮಿನ ಕಪಾಟಿನ ಕೆಳಗಿನ ಅರೆಯಲ್ಲಿ ನನ್ನದನ್ನು ಇಟ್ಟಿದ್ದೇನೆ, 5ನೇ ಸೈಜು, ನನಗೆ ಬಿಗಿ. ಬೇಕಾದವರು ಸರ್ ಹತ್ತಿರ ಹೆಸರು ಬರೆಸಿ ತೆಗೆದುಕೊಳ್ಳಿ. ಸಂಜೆ ಹೊತ್ತು ಹಾಕಿ ನೋಡಿ. ಪಿನ್ ಬಿಚ್ಚುವ ಕೀ ಎಡಗಾಲಿನ ಶೂ ಒಳಗೇ ಇದೆ.