ರೂಟರ್ ಐಪಿ ಬದಲಾಯಿಸಿ, ಆದ್ರೆ ಹ್ಯಾಕರ್‌ಗೆ ಹೆದರಿ ಅಲ್ಲ

ರೂಟರ್‌ನ 192.168.1.1 ಬದಲಾಯಿಸಿದ್ರೆ ಹ್ಯಾಕರ್‌ಗೆ ಮನೆ ನೆಟ್‌ವರ್ಕ್ ಸಿಗಲ್ಲ ಅಂತ ನಮ್ಮಲ್ಲಿ ಸುಮಾರು ಜನ ನಂಬಿದ್ದಾರೆ. ವೈಫೈ ಒಳಗೆ ಬಂದವನು ಐಪಿಕಾನ್ಫಿಗ್ ಹೊಡೆದ್ರೆ ಹೊಸ ಗೇಟ್‌ವೇ ಕೂಡ ಕಾಣುತ್ತೆ. ಅವನನ್ನ ತಡೆಯೋಕೆ ಬೇಕಿರೋದು ಗಟ್ಟಿ ಪಾಸ್‌ವರ್ಡ್.

ಆದ್ರೂ ಬದಲಾಯಿಸಿ ಅಂತಲೇ ನಾನು ಹೇಳೋದು. ಫೈಬರ್ ಕನೆಕ್ಷನ್ ಜೊತೆ ಬಂದ ಡಬ್ಬ 192.168.1 ರೇಂಜ್ ಕೊಡ್ತಿದ್ದು, ಅದಕ್ಕೆ ಸಿಕ್ಕಿಸಿದ ನಮ್ಮ ರೂಟರ್ ಕೂಡ ಅದನ್ನೇ ಕೊಟ್ರೆ, ಪ್ಯಾಕೆಟ್ ಯಾವ ಕಡೆ ಕಳಿಸಬೇಕು ಅಂತ ರೂಟರ್‌ಗೆ ಗೊತ್ತಾಗಲ್ಲ. ನೆಟ್ ನಿಲ್ಲುತ್ತೆ. ಮನೆಯಿಂದ ವಿಪಿಎನ್‌ನಲ್ಲಿ ಲ್ಯಾಬ್ ಸರ್ವರ್‌ಗೆ ಹೋಗುವಾಗಲೂ ಇದೇ ಗೋಳು: ಆ ಕಡೆಯೂ ಅದೇ ರೇಂಜ್ ಇದ್ರೆ ಲ್ಯಾಪ್‌ಟಾಪ್ ಸರ್ವರನ್ನ ಮನೆಯಲ್ಲೇ ಹುಡುಕ್ತಾ ಕೂರುತ್ತೆ.

1996ರ ಆರ್‌ಎಫ್‌ಸಿ 1918 ಖಾಸಗಿ ಬಳಕೆಗೆ ಬಿಟ್ಟಿರೋ ವಿಳಾಸಗಳಲ್ಲಿ 10ರಿಂದ ಶುರುವಾಗೋವೇ 1.67 ಕೋಟಿ ಇವೆ. 192.168 ಒಳಗೂ ಇಂಥ 256 ರೇಂಜ್. ಎಲ್ರೂ ಹೋಗಿ 0, 1ರಲ್ಲೇ ಮುಗಿಬೀಳೋದು ಯಾಕೋ!

ಲ್ಯಾನ್ ಸೆಟ್ಟಿಂಗ್ಸ್‌ನಲ್ಲಿ 192.168.57.1 ಹಾಕಿ, ಡಿಎಚ್‌ಸಿಪಿ ರೇಂಜ್ ಕೂಡ 57ಕ್ಕೆ ಬಂದಿದೆಯಾ ನೋಡಿ. ಸೇವ್ ಮಾಡಿದ್ಮೇಲೆ ಪೇಜ್ ಸ್ತಬ್ಧ ಆದ್ರೆ ಗಾಬರಿ ಬೇಡ. ವೈಫೈ ಆಫ್ ಮಾಡಿ ಆನ್ ಮಾಡಿ, ಹೊಸ ವಿಳಾಸ ತೆರೆಯಿರಿ. ಪ್ರಿಂಟರ್‌ಗೆ ಸ್ಟ್ಯಾಟಿಕ್ ಐಪಿ ಕೊಟ್ಟಿದ್ರೆ ಅದನ್ನೂ ಬದಲಾಯಿಸಿ, ಇಲ್ಲಾಂದ್ರೆ ಅಪ್ಪನ ಫೋನ್ ಬರುತ್ತೆ.