ಹಳೆಯ ಕಿಟಕಿಗೆ ಬೀದಿಯ ಗಾಜಿನಂಗಡಿಯೇ ಸರಿ



ಬೆಂಗಳೂರಿನಲ್ಲಿ 1898ರ ಪ್ಲೇಗಿನ ಕಾಲದಲ್ಲಿ ತಲೆಯೆತ್ತಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಉಳಿದಿರುವ ಹಳೆಯ ಮನೆಗಳ ಕಿಟಕಿಗಳು ಈಗ ಸೊಟ್ಟಗಾಗಿವೆ. ಮೇಲಿನ ಅಗಲ ಕೆಳಗಿರುವುದಿಲ್ಲ. ಆ್ಯಪ್‌ನಲ್ಲಿ ಗಾಜಿನ ಕೆಲಸಕ್ಕೆ ಬುಕ್ ಮಾಡಿದಾಗ ಬಂದ ಹುಡುಗ ಒಂದೇ ಸಲ ಟೇಪು ಹಿಡಿದು, ‘ತೇಗದ ಚೌಕಟ್ಟು ಕಿತ್ತುಹಾಕಿ, ಅಲ್ಯೂಮಿನಿಯಂ ಹಾಕಿಸಿ ಸಾರ್’ ಎಂದ. ನಮ್ಮ ಬೀದಿಯ ಗಾಜಿನಂಗಡಿಯವರು ಮೂಲೆಯಿಂದ ಮೂಲೆಗೂ ಅಳೆದು, ಒಣಗಿದ ಪುಟ್ಟಿ ಕೆರೆದು, 4 ಮಿ.ಮೀ. ಗಾಜನ್ನು ಅಲ್ಲೇ ಕೊಯ್ದು ಕೂರಿಸಿದರು. (ಬಿಲ್ ಕೇಳಿದ್ದಕ್ಕೆ ಮುಖ ಸಿಂಡರಿಸಿದರು, ಅದು ಬೇರೆ ಮಾತು.) ಬಚ್ಚಲುಮನೆಗೆ ಟಫನ್ಡ್ ಗಾಜು ಹಾಕಿಸುವವರು ಮಾತ್ರ ಅಳತೆಯನ್ನು ಮೊದಲೇ ಖಚಿತಪಡಿಸಿಕೊಳ್ಳಿ, ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಮೇಲೆ ಅದನ್ನು ಕೊಯ್ಯಲಾಗದು. ಒಡೆದ ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು ಪೌರಕಾರ್ಮಿಕರ ಕೈಗೆ ಕೊಡಿ.

– ಓದುಗ, ಬಸವನಗುಡಿ