ಲಿಂಕ್ ಸಿಕ್ಕಿತು, ಸಭೆ ಸಿಗಲಿಲ್ಲ

ಪೌರಕಾರ್ಮಿಕ ಮಹಿಳೆಯರ ಬಗ್ಗೆ ನಾನು ಮಾಡಿದ ಡಾಕ್ಯುಮೆಂಟರಿ ಲಾಕ್‌ಡೌನ್ ಹೊತ್ತಲ್ಲಿ ಒಂದು ಆನ್‌ಲೈನ್ ಚಿತ್ರೋತ್ಸವಕ್ಕೆ ಆಯ್ಕೆಯಾಯ್ತು. ಖುಷಿಯಲ್ಲಿ ಚಿತ್ರದಲ್ಲಿರುವ ಅಕ್ಕನಿಗೇ ಮೊದಲು ಲಿಂಕ್ ಕಳಿಸಿದೆ. ಅದು ಇಮೇಲ್ ಕೇಳ್ತು, ಕಾರ್ಡ್ ಕೇಳ್ತು. 48 ಗಂಟೆ ಕಳೆದು ಬಾಗಿಲೂ ಮುಚ್ಚಿತು. ‘ನಮ್ ಸಿನಿಮಾ ನಮಗೇ ತೋರ್ಸಲ್ವಾ ಅಣ್ಣ?’ ಅಂದ್ರು.

ಹಾಗಂತ ಆನ್‌ಲೈನ್ ಉತ್ಸವವೇ ಬೇಡ ಅನ್ನೋ ಹಾಗಿಲ್ಲ. ಸೆನ್ಸಾರ್ ಆಗದ ಚಿತ್ರವನ್ನು ಉತ್ಸವದ ಥಿಯೇಟರಲ್ಲಿ ತೋರಿಸಲು ಕೇಂದ್ರ ಸರ್ಕಾರದ ವಿನಾಯಿತಿ ಬೇಕು. 2017ರಲ್ಲಿ ಕೇರಳದ ಸಾಕ್ಷ್ಯಚಿತ್ರೋತ್ಸವಕ್ಕೆ ಬಂದಿದ್ದ, ರೋಹಿತ್ ವೇಮುಲ, ಕಾಶ್ಮೀರ, ಜೆಎನ್‌ಯು ಕುರಿತ ಮೂರು ಚಿತ್ರಗಳಿಗೆ ಆ ವಿನಾಯಿತಿಯನ್ನೇ ನಿರಾಕರಿಸಲಾಯ್ತು. ಇಂಟರ್ನೆಟ್ಟಲ್ಲಿ ತೋರಿಸೋಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಿಲ್ಲ. ನಮ್ಮಂಥವರಿಗೆ ಅದು ದೊಡ್ಡ ಉಸಿರು.

ಆದರೆ ಲಿಂಕನ್ನೂ ಅಳಿಸಬಹುದು. 2023ರ ಜನವರಿಯಲ್ಲಿ ಮೋದಿ ಕುರಿತ ಬಿಬಿಸಿ ಸಾಕ್ಷ್ಯಚಿತ್ರದ ಲಿಂಕುಗಳನ್ನು ಸರ್ಕಾರ 2021ರ ಐಟಿ ನಿಯಮಗಳಡಿ ತೆಗೆಸಿತು. ಆಗ ಜೆಎನ್‌ಯು ವಿದ್ಯಾರ್ಥಿಗಳು ಒಟ್ಟಾಗಿ ನೋಡಲು ಸೇರಿದ್ರು. ಕರೆಂಟ್ ಹೋಯ್ತು, ಮೊಬೈಲು, ಲ್ಯಾಪ್‌ಟಾಪಲ್ಲೇ ನೋಡಿದ್ರು. ಲಿಂಕ್ ಅಳಿಸಿದಷ್ಟು ಸುಲಭವಾಗಿ ಸಭೆಯನ್ನು ಅಳಿಸೋಕಾಗಲ್ಲ.

ಕೊನೆಗೆ ನಾನೂ ಆ ಅಕ್ಕನ ಕಾಲೋನಿಯಲ್ಲಿ ಬೆಡ್‌ಶೀಟ್ ಕಟ್ಟಿ ಸಿನಿಮಾ ತೋರಿಸಿದೆ. ಸಂಬಳದ ಮಾತು ಬಂದಲ್ಲಿ ಒಬ್ಬರು ಎದ್ದು ನಿಂತು, ತಮಗೂ ಮೂರು ತಿಂಗಳಿಂದ ಬಂದಿಲ್ಲ ಅಂದ್ರು. ಸಿನಿಮಾ ನಿಲ್ಲಿಸಿದೆವು, ಚರ್ಚೆ ಶುರುವಾಯ್ತು. ಯಾವ ಚಾಟ್‌ಬಾಕ್ಸಲ್ಲೂ ನಾನು ಅದನ್ನ ಕಂಡಿರಲಿಲ್ಲ.

ಉತ್ಸವ ನಡೆಸುವವರಲ್ಲಿ ಒಂದೇ ಕೋರಿಕೆ: ಚಿತ್ರದಲ್ಲಿರುವವರಿಗೆ ಲಾಗಿನ್, ಟಿಕೆಟ್ ಇಲ್ಲದೆ ನೋಡಲು ಬಿಡಿ. ಸಂಘಗಳು, ಕಾಲೇಜುಗಳು ಒಟ್ಟಿಗೆ ಕೂತು ನೋಡಲೂ ಅವಕಾಶ ಕೊಡಿ. ಇಲ್ಲದಿದ್ರೆ ನಾವು ಸೆನ್ಸಾರ್ ತಪ್ಪಿಸಿಕೊಂಡ್ರೂ ನಮ್ಮ ಜನರನ್ನೇ ತಪ್ಪಿಸಿಕೊಂಡಂತೆ.